ಆಪ್ತಸಲಹೆ ಪ್ರಕರಣ: ತುಂಬಿಟ್ಟಷ್ಟೂ ಸಾಲದ ನೀರು

2024ರ ಬೇಸಿಗೆ. ಬೆಂಗಳೂರಿನ ಮಹದೇವಪುರ ಕಡೆಯ ಅಪಾರ್ಟ್‌ಮೆಂಟ್ ಒಂದರಿಂದ ಅತ್ತೆ, ಸೊಸೆ ಇಬ್ಬರೂ ಬಂದಿದ್ದರು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಬೋರ್‌ವೆಲ್ ಬತ್ತಿ, ಟ್ಯಾಂಕರ್ ನೀರೇ ಗತಿಯಾಗಿತ್ತು.

"ಅತ್ತೆ ಬಚ್ಚಲುಮನೆ ಬಾಗಿಲಲ್ಲಿ ನಿಂತು ಮಗ್ಗು ಎಣಿಸ್ತಾರೆ ಮೇಡಂ. ನಡುರಾತ್ರಿ ಎದ್ದು ನಲ್ಲಿ ತಿರುಗಿಸಿ ನೋಡ್ತಾರೆ."

ಅತ್ತೆ ಕೋಲಾರದ ಕಡೆಯವರು. ಬಿಂದಿಗೆ ಸಾಲಿನಲ್ಲಿ ನಿಂತು ಬೆಳೆದವರು. "ನಲ್ಲಿ ತಿರುಗಿಸಿದ್ರೆ ನೀರು ಬರೋ ಕಾಲದಲ್ಲಿ ಹುಟ್ಟಿದೋರಿಗೆ ಏನು ಗೊತ್ತು?" ಅಂದರು. ಮಾತು ಸುಳ್ಳಲ್ಲ.

ಹೊಸ ಟ್ಯಾಂಕರ್ ಬಂದಾಗ ಡ್ರಮ್ಮಿನಲ್ಲಿ ಉಳಿದ ನೀರು ಏನು ಮಾಡ್ತೀರಿ ಅಂತ ಕೇಳಿದೆ. ಅವರು ಸುಮ್ಮನಾದರು. ಸೊಸೆಯೇ ಹೇಳಿದರು: "ಹಳೇ ನೀರು ಅಂತ ಸುರಿದು, ಡ್ರಮ್ಮು ಉಜ್ಜಿ, ಮತ್ತೆ ತುಂಬಿಸ್ತಾರೆ."

ಇದು ನಾನು ಆ ಬೇಸಿಗೆಯಲ್ಲಿ ಹಲವು ಮನೆಗಳಲ್ಲಿ ಕಂಡ ಸಂಗತಿ. ಭಯ ಬಿದ್ದವರು ನೀರು ಕೂಡಿಡುತ್ತಾರೆ, ಉಳಿಸುವುದಿಲ್ಲ. ತುಂಬಿದ ಡ್ರಮ್ಮು ನೋಡಿದರೆ ಒಂದು ಗಳಿಗೆ ಸಮಾಧಾನ, ಅಷ್ಟೇ. ಇನ್ನೊಂದು, ಕಾವಲು ಕಾದಷ್ಟೂ ಕಾವಲಿಗೆ ಸಿಕ್ಕವರು ಹಟಕ್ಕೆ ಬೀಳುತ್ತಾರೆ. ಅತ್ತೆಯ ಮಗ ಬೇಕಂತಲೇ ಹೆಚ್ಚು ಹೊತ್ತು ಸ್ನಾನ ಮಾಡುತ್ತಿದ್ದರಂತೆ. "ಪಕ್ಕದವರು ಕಾರು ತೊಳೀತಾರೆ, ನಾನೊಬ್ಬ ಉಳಿಸಿ ಏನಾಗ್ಬೇಕು?" ಅನ್ನುವುದು ಅವರ ವಾದ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆ ಮಾರ್ಚ್‌ನಲ್ಲಿ ಹೇಳಿತ್ತು. ಅತ್ತೆ ಅದನ್ನೂ ದಿನಾ ಓದಿ ಹೇಳುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರಿಗೆ ದಕ್ಷಿಣ ಆಫ್ರಿಕಾದ ಕೇಪ್ ಟೌನ್ ನಗರದ ಕತೆ ಹೇಳಿದೆ. 2018ರ ಬರದಲ್ಲಿ ಅಲ್ಲಿ ತಲೆಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದ್ದರು. ಕಡಿಮೆ ಬಳಸುವ ಮನೆಗಳಿಗೆ ನಗರದ ನಕ್ಷೆಯಲ್ಲಿ ಹಸಿರು ಚುಕ್ಕೆ ಇಟ್ಟಿದ್ದರು. ಎಷ್ಟು ಬಳಸಬಹುದು ಅನ್ನೋದು ಗೊತ್ತು, ನೆರೆಯವರೂ ಉಳಿಸುತ್ತಿದ್ದಾರೆ ಅನ್ನೋದೂ ಗೊತ್ತು. ಈ ಎರಡು ಸಿಕ್ಕರೆ ಜನ ತಾವಾಗಿಯೇ ಕೈ ಬಿಗಿಹಿಡಿದು ಬಳಸುತ್ತಾರೆ ಅಂತ ನನ್ನ ನಂಬಿಕೆ. ಬರೀ ಹೆದರಿಸಿದರೆ ಹೆಚ್ಚು ದಿನ ನಡೆಯುವುದಿಲ್ಲ.

ಅತ್ತೆಗೆ ಬಚ್ಚಲಿನ ಕಾವಲು ಬಿಡಿಸಿ, ಮನೆಯ ನೀರಿನ ಲೆಕ್ಕ ವಹಿಸಿದೆ. ಯಾರಿಗೆ ಎಷ್ಟು ಬಕೆಟ್ ಅಂತ ನಾಲ್ವರೂ ಕೂತು ಒಪ್ಪಿಕೊಳ್ಳಬೇಕು. ಒಪ್ಪಿದ ಮೇಲೆ ಯಾರೂ ಬಾಗಿಲಲ್ಲಿ ನಿಲ್ಲುವಂತಿಲ್ಲ. ಡ್ರಮ್ಮಿನ ಮೇಲೆ ಸೀಮೆಸುಣ್ಣದಲ್ಲಿ ತುಂಬಿಸಿದ ದಿನ ಬರೆಯುವುದು, ಹಳೇದು ಮೊದಲು ಖಾಲಿ ಮಾಡುವುದು. ಅಡುಗೆಗೆ ಬೇಡ ಅನಿಸಿದರೆ ನೆಲ ಒರೆಸೋಕೆ, ಕಕ್ಕಸಿಗೆ ಸುರಿಯೋಕೆ ಆಗುತ್ತೆ ಅಲ್ವಾ? ಮುಚ್ಚಳ ಮಾತ್ರ ಬಿಗಿಯಾಗಿರಲಿ, ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಇಂಥ ನಿಂತ ತಿಳಿನೀರಲ್ಲೇ. ಟ್ಯಾಂಕರ್ ಬರುವ ದಿನ ಫ್ರಿಜ್ಜಿನ ಮೇಲೆ ಅಂಟಿಸಿ, ರಾತ್ರಿ ಎಚ್ಚರವಾದರೆ ಆ ಚೀಟಿ ನೋಡಿ, ನಲ್ಲಿ ಮುಟ್ಟಬೇಡಿ ಅಂದೆ. ಹೀಗೂ ನಿದ್ದೆ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಇಲ್ಲ ಮನೋವೈದ್ಯರನ್ನು ನೋಡಿ ಅಂತಲೂ ಹೇಳಿದೆ.

ಮುಂದಿನ ಭೇಟಿಗೆ ಅತ್ತೆ ಲೆಕ್ಕದ ಪುಸ್ತಕವನ್ನೇ ತಂದಿದ್ದರು. ಡ್ರಮ್ಮು ಕಡಿಮೆಯಾಗಿದ್ದವು, ನಿದ್ದೆ ಪರವಾಗಿಲ್ಲ. ಮಗನ ಸ್ನಾನ ಇನ್ನೂ ಲೆಕ್ಕಕ್ಕಿಂತ ಜಾಸ್ತಿ. ಮುಂದಿನ ಸಲ ಅವರನ್ನೂ ಕರೆತನ್ನಿ ಅಂದಿದ್ದೇನೆ.