ಚಾಕ್‌ಪೀಸ್ ಮತ್ತು ನಾಲ್ಕು ಗುಳ್ಳೆ

ಮಾನ್ಯರೇ,

ಆಮ್ಲ–ಕಾರ್ಬೊನೇಟ್ ಕುರಿತ ನಿಮ್ಮ ಲೇಖನ ತಲುಪಿದೆ. ಸಮೀಕರಣಗಳು ಸರಿದೂಗಿವೆ, ಕಾಗುಣಿತ ಶುದ್ಧವಾಗಿದೆ. ಸಂತೋಷ. ಆದರೆ ಎರಡನೆಯ ಪುಟಕ್ಕೆ ಬಂದಾಗ ಸಿಟ್ಟು ಬಂತು.

‘ಅಮೃತಶಿಲೆಯ ಚೂರಿಗೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲವನ್ನು ಸೇರಿಸಿದಾಗ, ಎರಡರಲ್ಲೊಂದು ಮುಗಿಯುವವರೆಗೂ ಇಂಗಾಲದ ಡೈಆಕ್ಸೈಡ್ ಉತ್ಪಾದಿಸಲ್ಪಡುತ್ತಿರುತ್ತದೆ’ ಎಂದಿದ್ದೀರಿ.

ಮೊದಲು ಆ ‘ಉತ್ಪಾದಿಸಲ್ಪಡುತ್ತಿರುತ್ತದೆ’. ಅನಿಲ ಹೊಮ್ಮುತ್ತದೆ, ಗುಳ್ಳೆ ಏಳುತ್ತದೆ, ನೊರೆ ಉಕ್ಕುತ್ತದೆ. ಮನೆಯಲ್ಲೇ ಇಷ್ಟು ಕ್ರಿಯಾಪದಗಳಿರುವಾಗ ಇದೇಕೆ? ಈ ‘ಅಲ್ಪಡು’ ನನಗೆ ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆ ಚೂರು.

ಆಮೇಲೆ ‘ಮುಗಿಯುವವರೆಗೂ’. ಇಲ್ಲ, ಸ್ವಾಮಿ. ಮೊದಲು ಗುಳ್ಳೆಗಳು ಜೋರಾಗಿಯೇ ಬರುತ್ತವೆ, ಆಮೇಲೆ ಮಂಕಾಗುತ್ತವೆ. ಅಲ್ಲಿ ಹುಟ್ಟುವ ಕ್ಯಾಲ್ಸಿಯಂ ಸಲ್ಫೇಟ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಅದು ಕಲ್ಲಿನ ಮೈಗೇ ಬಿಳಿ ಪದರವಾಗಿ ಅಂಟಿಕೊಳ್ಳುತ್ತದೆ. ಒಳಗೆ ಕಲ್ಲು ಉಂಟು, ಹೊರಗೆ ಆಮ್ಲ ಉಂಟು, ಭೇಟಿ ಇಲ್ಲ. ಶಾಲೆಗಳಲ್ಲಿ ಅಮೃತಶಿಲೆಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕುವುದು ಇದಕ್ಕೇ: ಕ್ಯಾಲ್ಸಿಯಂ ಕ್ಲೋರೈಡ್ ಸಲೀಸಾಗಿ ಕರಗಿಹೋಗುತ್ತದೆ, ಕಲ್ಲಿನ ಮೈ ತೆರೆದೇ ಇರುತ್ತದೆ. ಪ್ರನಾಳವನ್ನು ಹತ್ತು ನಿಮಿಷ ನೋಡುತ್ತಾ ಕುಳಿತಿದ್ದರೆ ನೀವು ಆ ವಾಕ್ಯ ಬರೆಯುತ್ತಿರಲಿಲ್ಲ.

ನಾನೂ ಬರೆದಿದ್ದೇನೆ, ಬಿಡಿ. ನನ್ನ ಮೊದಲ ಲೇಖನದಲ್ಲಿ ‘ಚಾಕ್‌ಪೀಸಿಗೆ ನಿಂಬೆರಸ ಬಿಟ್ಟರೆ ನೊರೆ ಉಕ್ಕುತ್ತದೆ’ ಎಂದಿತ್ತು. ಅಂದಿನ ನನ್ನ ಸಂಪಾದಕರು ಮಾತಾಡಲಿಲ್ಲ. ಚಹಾದ ಲೋಟ ತೊಳೆಸಿ, ಅರ್ಧ ಹೋಳು ನಿಂಬೆ ಹಿಂಡಿ, ಮೇಜಿನ ಖಾನೆಯಿಂದ ಒಂದು ಚಾಕ್‌ಪೀಸ್ ತೆಗೆದು ಹಾಕಿದರು. ನಾಲ್ಕು ಗುಳ್ಳೆ ಎದ್ದವು. ನನ್ನ ಮುಖ ಅರಳಿತು. ‘ಅದು ಚಾಕಿನೊಳಗಿನ ಗಾಳಿ’ ಎಂದು ಪತ್ರಿಕೆಯ ಕರಡಿಗೆ ಮರಳಿದರು. ಪೆಟ್ಟಿಗೆಯ ಮೇಲೆ ಓದಿದರೆ ಜಿಪ್ಸಂ ಎಂದಿತ್ತು, ಅಂದರೆ ನಿಮ್ಮ ಅಮೃತಶಿಲೆಗೆ ಅಡ್ಡ ಬಂದ ಅದೇ ಕ್ಯಾಲ್ಸಿಯಂ ಸಲ್ಫೇಟ್! ಕಾರ್ಬೊನೇಟ್ ಇಲ್ಲದ ಕಡೆ ನೊರೆ ಎಲ್ಲಿಂದ ಬರಬೇಕು? ಮರುದಿನ ಮೊಟ್ಟೆಯ ಚಿಪ್ಪು ಕಟ್ಟಿಕೊಂಡು ಹೋದೆ; ಅಮೃತಶಿಲೆಯ ಹಾಗೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಅದೇ ಲೋಟದಲ್ಲಿ ಚಿಪ್ಪಿನ ಮೈತುಂಬ ಗುಳ್ಳೆ ಕೂತಾಗ ಅವರು ಕನ್ನಡಕ ಏರಿಸಿ ಒಮ್ಮೆ ನೋಡಿದರು, ಅಷ್ಟೇ.

ಸುಣ್ಣದ ತಿಳಿನೀರಿನ ಭಾಗವನ್ನು ಮುಟ್ಟಬೇಡಿ, ಚೆನ್ನಾಗಿದೆ. ಎರಡನೆಯ ಪುಟವನ್ನು ಮಾತ್ರ ಮತ್ತೆ ಬರೆಯಿರಿ: ಎರಡು ಪ್ರನಾಳ, ಒಂದೇ ಗಾತ್ರದ ಎರಡು ಚೂರು, ಎರಡು ಆಮ್ಲ, ಕೈಯಲ್ಲಿ ಗಡಿಯಾರ. ಶಿಕ್ಷಕರೆಂದು ತಿಳಿಸಿದ್ದೀರಿ, ಪ್ರಯೋಗಾಲಯದ ಬೀಗದ ಕೈ ನಿಮ್ಮ ಬಳಿಯೇ ಇರಬೇಕಲ್ಲ?

ಇಂತಿ,
ಸಂಪಾದಕ