ಆ ರಂಪಣಿ ಫೋಟೊ ಕಾಗದಕ್ಕೆ ಬರಲಿ

ಅಂಕೋಲಾ ಕಡೆಯ ವಿದ್ಯಾರ್ಥಿನಿಯೊಬ್ಬಳ ಪತ್ರ ಬಂದಿದೆ. ಚಿತ್ರಕಲಾ ಕಾಲೇಜಿನಲ್ಲಿ ಎರಡನೇ ವರ್ಷ. ಫೋಟೊ ತೆಗೆಯುವುದು, ಎಡಿಟ್ ಮಾಡುವುದು ಅಂದರೆ ಪ್ರಾಣ. ಗ್ರಾಫಿಕ್ಸ್ ವಿಷಯ ತೆಗೆದುಕೊಂಡರೆ ಕಂಪ್ಯೂಟರ್ ಕಲಿಸುತ್ತಾರೆ ಅಂದುಕೊಂಡು ಹೋದರೆ ಕೈಗೆ ಒಂದು ಲಿನೋ ತುಂಡು (ಕೆತ್ತಿ ಅಚ್ಚು ತೆಗೆಯುವ ಮೆದು ಹಾಳೆ), ಕೆತ್ತುವ ಉಳಿ ಕೊಟ್ಟರಂತೆ. ‘ಎಲ್ಲ ಕಂಪ್ಯೂಟರಿನಲ್ಲೇ ಆಗುವಾಗ ಇದನ್ನು ಯಾಕೆ ಕಲಿಯಬೇಕು ಸರ್? ಗೆಳತಿಯರು ಮದುವೆ ಆಲ್ಬಂ ಎಡಿಟ್ ಮಾಡಿ ದುಡಿಯುತ್ತಿದ್ದಾರೆ. ನಾನೂ ಎಡಿಟಿಂಗ್ ಒಂದನ್ನೇ ಹಿಡಿದುಕೊಂಡು ಹೋಗಲಾ? ಮನೆಯಲ್ಲಿ ಪ್ರೆಸ್ ಇಲ್ಲ, ಮಳೆಗಾಲದಲ್ಲಿ ಪ್ರಿಂಟ್ ಒಣಗುವುದೂ ಇಲ್ಲ’ ಅಂತ ಕೇಳಿದ್ದಾಳೆ. ಜೊತೆಗೆ ಮಾಜಾಳಿಯಲ್ಲಿ ರಂಪಣಿ ಬಲೆ ಎಳೆಯುವ ಒಂದು ಫೋಟೊ ವಾಟ್ಸಾಪಿನಲ್ಲಿ ಬಂದಿದೆ, ನಮ್ಮ ಪತ್ರಿಕೆಯ ಮುಖಪುಟಕ್ಕೆ ಆಗುತ್ತದಾ ಅಂತ. ಹೆಸರು ಹಾಕಬೇಡಿ, ನನಗೆ ಬಹುವಚನ ಬೇಡ ಅಂದಿದ್ದಾಳೆ. ಹಾಗೇ ಬರೆಯುತ್ತೇನೆ.

ತಂಗೀ,

ಮೊದಲು ಫೋಟೊ ವಿಷಯ ಮಾತಾಡೋಣ. ಚೆನ್ನಾಗಿದೆ. ಸುಮ್ನೆ ಹೇಳುತ್ತಿಲ್ಲ. ಎಂಟು ಹತ್ತು ಜನ ಸಾಲಾಗಿ ಹಗ್ಗ ಹಿಡಿದು ಹಿಂದಕ್ಕೆ ವಾಲಿದ್ದಾರೆ. ಮೂರನೆಯ ಅಜ್ಜನ ಹಿಮ್ಮಡಿ ಒದ್ದೆ ಮರಳಿನಲ್ಲಿ ಹೂತಿದೆ, ಆ ಹಿಮ್ಮಡಿಯ ಸುತ್ತ ನೀರು ಒಸರಿ ಒಂದು ಸಣ್ಣ ಗುಂಡಿ ಆಗಿದೆ. ಬಲೆ ಎಷ್ಟು ಭಾರ ಇದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಆದರೆ ನೀನು ಮಾಡಿದ್ದೇನು? ಆಕಾಶವನ್ನು ನೇರಳೆ ಮಾಡಿದ್ದೀಯ. ನೆರಳನ್ನೆಲ್ಲ ಎತ್ತಿ ಬೆಳಕು ಮಾಡಿದ್ದೀಯ. ಗುಂಡಿಯ ಒಳಗಿನ ಕಪ್ಪು ಹೋಯಿತು, ಅದರ ಜೊತೆ ಭಾರವೂ ಹೋಯಿತು. ಅಂಚು ಚೂಪಾಗಲಿ ಅಂತ ಶಾರ್ಪನ್ ಜಾಸ್ತಿ ಕೊಟ್ಟು ಹಗ್ಗದ ಎರಡೂ ಬದಿಗೆ ಬಿಳಿ ಗೆರೆ ಬಂದಿದೆ, ದೊಡ್ಡದು ಮಾಡಿ ನೋಡು. ಇನ್ನೊಂದು ಮಾತು. ವಾಟ್ಸಾಪಿನಲ್ಲಿ ಬಂದು ಅದರ ಉದ್ದ 1280 ಪಿಕ್ಸೆಲಿಗೆ ಇಳಿದಿದೆ. 300 ಡಿಪಿಐಗೆ, ಅಂದರೆ ಇಂಚಿಗೆ 300 ಪಿಕ್ಸೆಲಿನಂತೆ, ಅಚ್ಚು ಹಾಕಿದರೆ ನಾಲ್ಕೂಕಾಲು ಇಂಚು ಅಷ್ಟೇ. ಎ4 ಪುಟ ತುಂಬಲು 2480ಕ್ಕೆ 3508 ಪಿಕ್ಸೆಲ್ ಬೇಕು. ಹಾಗಾಗಿ ಮುಖಪುಟಕ್ಕೆ ಸದ್ಯ ಆಗುವುದಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಎಡಿಟಿಂಗಾ, ಅಚ್ಚಿನ ಕಲೆಯಾ ಅಂತ ಕೇಳಿದ್ದೀಯ. ಕಾಗದ ಗೊತ್ತಿಲ್ಲದೆ ಎಡಿಟಿಂಗ್ ಪೂರ್ತಿ ಬರುವುದೇ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತದ್ದು. ಪತ್ರಿಕೆಗೆ ಸೇರಿದ ಹೊಸದರಲ್ಲಿ ಶಿರಸಿ ಕಡೆಯ ಅಡಿಕೆ ತೋಟದ ಮಳೆ ಫೋಟೊ ಒಂದನ್ನು ಒಳಪುಟಕ್ಕೆ ಹಾಕಿದ್ದೆವು. ಸ್ಕ್ರೀನಿನಲ್ಲಿ ಎಲೆ ಎಲೆಯೂ ಹಸಿರು, ಒಂದೊಂದು ಹನಿಯೂ ಕಾಣುತ್ತಿತ್ತು. ಅಚ್ಚಾಗಿ ಬಂದಾಗ ಪುಟದ ಅರ್ಧ ಕರೀ ಕೆಸರು. ಪ್ರೆಸ್ಸಿನವರದ್ದೇ ತಪ್ಪು ಅಂತ ಜಗಳಕ್ಕೆ ಹೋದೆ. ಅಲ್ಲಿನ ಹಿರಿಯ ಮಷಿನ್‌ಮನ್ ಒಬ್ಬರು ನನ್ನ ಕೈಗೆ ಭೂತಗನ್ನಡಿ ಕೊಟ್ಟು ಪುಟ ನೋಡಲು ಹೇಳಿದರು. ನೋಡಿದರೆ ಬರೀ ಚುಕ್ಕಿ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು. ನೆರಳಿನ ಜಾಗದಲ್ಲಿ ಶಾಯಿ ಕಾಗದದೊಳಗೆ ಹರಡಿ ಚುಕ್ಕಿಗೆ ಚುಕ್ಕಿ ಅಂಟಿಕೊಂಡಿತ್ತು. ಸ್ಕ್ರೀನ್ ತಾನೇ ಬೆಳಕು ಕೊಡುತ್ತದೆ, ಕಾಗದಕ್ಕೆ ಹೊರಗಿನ ಬೆಳಕೇ ಗತಿ. ಆ ಕಾಗದ ಎಷ್ಟು ಕುಡಿಯುತ್ತದೆ ಅಂತ ನೋಡಿಕೊಂಡು ನಡುವಿನ ಬಣ್ಣಗಳನ್ನು ಮೊದಲೇ ಒಂದಿಷ್ಟು ತಿಳಿ ಮಾಡಿಕೊಳ್ಳಬೇಕಿತ್ತು. ನಾನು ಮಾಡಿರಲಿಲ್ಲ.

ನಿನ್ನ ಕೈಗೆ ಕೊಟ್ಟ ಲಿನೋ ತುಂಡು ಇದೇ ಪಾಠವನ್ನು ಎಲ್ಲಕ್ಕಿಂತ ಕಡಿಮೆ ಖರ್ಚಿನಲ್ಲಿ ಕಲಿಸುತ್ತದೆ.

ಗ್ರಾಫಿಕ್ಸ್ ಅನ್ನುವ ಹೆಸರಿನಿಂದ ಮೋಸ ಹೋದೆ ಅಂತ ಬೇಜಾರು ಮಾಡಿಕೊಳ್ಳಬೇಡ. ನಮ್ಮ ಚಿತ್ರಕಲಾ ಕಾಲೇಜುಗಳಲ್ಲಿ ಆ ಹೆಸರು ಕಂಪ್ಯೂಟರಿಗಿಂತ ಹಳೆಯದು. ಮರದಚ್ಚು, ಲಿನೋ, ಎಚಿಂಗ್ (ಲೋಹದ ತಗಡನ್ನು ಆಸಿಡ್‌ನಲ್ಲಿ ಕೊರೆಯುವುದು), ಕಲ್ಲಚ್ಚು ಅಂದರೆ ಲಿಥೋ, ಎಲ್ಲ ಅದರೊಳಗೆ ಬರುತ್ತವೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲೇ. ನಿಮ್ಮ ಕಾಲೇಜಿನ ಮೂಲೆಯಲ್ಲಿ ಲಿಥೋ ಕಲ್ಲು ಇದ್ದರೆ ಒಮ್ಮೆ ಕೈಯಿಂದ ಸವರಿ ನೋಡು. ಆಮೇಲಿನ ಕಾಲದಲ್ಲೂ ಪತ್ರಿಕೆಯಲ್ಲಿ ಫೋಟೊ ಬರಬೇಕೆಂದರೆ ಬ್ಲಾಕ್ ಮಾಡಿಸಬೇಕಿತ್ತು. ಫೋಟೊವನ್ನು ಚುಕ್ಕಿ ಮಾಡಿ, ಸತುವಿನ ತಗಡಿಗೆ ಇಳಿಸಿ, ಆಸಿಡ್‌ನಲ್ಲಿ ಕೊರೆಸುವ ಕೆಲಸ. ಫೋಟೊ ಎಡಿಟಿಂಗ್ ಎಲ್ಲಿ ಮುಗಿಯಿತು, ಎಚಿಂಗ್ ಎಲ್ಲಿ ಶುರುವಾಯಿತು ಹೇಳು ನೋಡೋಣ? ನೀನು ದಿನಾ ಒತ್ತುವ ಡಾಡ್ಜ್, ಬರ್ನ್ ಎರಡೂ ಡಾರ್ಕ್‌ರೂಮಿನ ಕೈಕೆಲಸಗಳು. ಬೆಳಕಿಗೆ ಅಡ್ಡ ಕೈ ಹಿಡಿದರೆ ಆ ಜಾಗ ತಿಳಿ, ಜಾಸ್ತಿ ಬೆಳಕು ಬಿಟ್ಟರೆ ಆ ಜಾಗ ಗಾಢ. ಅಂಚು ಚೂಪು ಮಾಡುವ ಅನ್‌ಶಾರ್ಪ್ ಮಾಸ್ಕ್ ಕೂಡ ಹಾಗೇ, ನೆಗೆಟಿವಿನ ಮಸುಕಾದ ಪ್ರತಿಯೊಂದನ್ನು ಅದರ ಜೊತೆಗೇ ಇಟ್ಟು ಅಚ್ಚು ತೆಗೆಯುತ್ತಿದ್ದರು.

ನಿಮ್ಮ ಊರಿಗೆ ಹತ್ತಿರದ ಒಂದು ಉದಾಹರಣೆ ಇದೆ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದೇ ವರ್ಷ ಬಂಗಾಳದ ಕಲಾವಿದ ನಂದಲಾಲ್ ಬೋಸ್ ದಂಡಿ ಯಾತ್ರೆಯ ಗಾಂಧಿಯನ್ನು ಲಿನೋದಲ್ಲಿ ಕೆತ್ತಿದರು. ಕೋಲು ಹಿಡಿದು ನಡೆಯುವ ಗಾಂಧಿ, ಕಪ್ಪು ಬಿಳಿ ಎರಡೇ. ಬೂದು ಬಣ್ಣ ಒಂದು ಚೂರೂ ಇಲ್ಲ. ಆದರೂ ನಡಿಗೆಯ ಬಿರುಸು ಕಾಣುತ್ತದೆ ಅಲ್ವಾ? ಆ ಚಿತ್ರವನ್ನು ನಿನ್ನ ರಂಪಣಿ ಫೋಟೊ ಪಕ್ಕದಲ್ಲಿಟ್ಟು ಒಂದು ಗಂಟೆ ನೋಡು. ಹಾಗೆಯೇ ಶಿರಸಿಗೆ ಹೋದಾಗ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರ ನೋಡಿಕೊಂಡು ಬಾ. ಬಿಳಿ ಸುಣ್ಣದ ಗಾರೆಯ ಮೇಲೆ ಕಾವಿ ಬಣ್ಣ ಬಳಿದು, ಹಸಿ ಇರುವಾಗಲೇ ಕೆರೆದು ಕೆರೆದು ಒಳಗಿನ ಬಿಳಿಯನ್ನು ಹೊರತೆಗೆಯುವ ಕೆಲಸ ಅದು. ಎಲ್ಲಿ ಕೆರೆಯಬೇಕು, ಎಲ್ಲಿ ಬಿಡಬೇಕು ಅನ್ನುವ ಲೆಕ್ಕ ನಿನ್ನ ಲಿನೋದಲ್ಲೂ ಅದೇ.

ಸರಿ, ಈಗ ಕೆಲಸಕ್ಕೆ ಇಳಿಯೋಣ. ಅದೇ ಫೋಟೊದ ಮೂಲ ಫೈಲ್ ತೆಗೆದುಕೋ. ಫೋಟೊಶಾಪ್ ಇಲ್ಲದಿದ್ದರೆ ಗಿಂಪ್ ಸಾಕು, ದುಡ್ಡು ಕೊಡಬೇಕಾಗಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಬಣ್ಣ ತೆಗೆದುಹಾಕು. ಆಮೇಲೆ ಥ್ರೆಶೋಲ್ಡ್ ತೆರೆ. 0ಯಿಂದ 255ರವರೆಗೆ ಒಂದು ಪಟ್ಟಿ ಇರುತ್ತದೆ, ನೀನು ನಿಲ್ಲಿಸಿದ ಜಾಗಕ್ಕಿಂತ ಗಾಢ ಇದ್ದದ್ದೆಲ್ಲ ಕಪ್ಪು, ಉಳಿದದ್ದೆಲ್ಲ ಬಿಳಿ. ಇಲ್ಲಿ ಬಹಳ ಮಕ್ಕಳು ಒಂದು ತಪ್ಪು ಮಾಡುತ್ತಾರೆ. ಕಂಪ್ಯೂಟರ್ ಕೊಟ್ಟದ್ದನ್ನೇ ಹಾಗೇ ಟ್ರೇಸ್ ಮಾಡಿ ಕೆತ್ತಿಬಿಡುತ್ತಾರೆ. ಆ ಚಿತ್ರಕ್ಕೆ ಜೀವ ಇರುವುದಿಲ್ಲ. ಅಜ್ಜನ ಬೆನ್ನಿಗೆ ಸರಿಯಾದ ಥ್ರೆಶೋಲ್ಡ್ ಒದ್ದೆ ಮರಳಿಗೆ ಸರಿ ಆಗುವುದಿಲ್ಲ. ಅದಕ್ಕೇ ಮೂರು ಪ್ರತಿ ಮಾಡು, ಮೂರಕ್ಕೂ ಬೇರೆ ಬೇರೆ ಥ್ರೆಶೋಲ್ಡ್ ಕೊಡು, ಒಂದರ ಮೇಲೊಂದು ಲೇಯರ್ ಇಟ್ಟು, ಬೇಡದ ಜಾಗ ಮುಚ್ಚುವ ಮಾಸ್ಕ್ ಹಾಕಿ, ಬೆನ್ನು ಒಂದರಿಂದ, ಮರಳು ಇನ್ನೊಂದರಿಂದ, ನೀರಿನ ಹೊಳಪು ಮತ್ತೊಂದರಿಂದ ಉಳಿಸಿಕೋ. ಆಮೇಲೆ ಅದನ್ನು ಪಕ್ಕಕ್ಕಿಟ್ಟು ಹಗ್ಗವನ್ನು ನೀನೇ ಕೈಯಿಂದ ಬರೆ. ಹಗ್ಗ ಬಿಗಿ ಇದೆ ಅನ್ನುವುದು ನಿನ್ನ ಕೈಗೆ ಗೊತ್ತಾಗುವಷ್ಟು ಯಾವ ಸಾಫ್ಟ್‌ವೇರಿಗೂ ಗೊತ್ತಾಗುವುದಿಲ್ಲ.

ಲಿನೋಗೆ ಇಳಿಸುವ ಮೊದಲು ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಲು ಮರೆಯಬೇಡ. ನಿನ್ನ ಫೋಟೊದ ಮೂಲೆಯಲ್ಲಿ ದೋಣಿ ಇದೆ, ದೋಣಿಯ ಮೇಲೆ ಹೆಸರು ಇದೆ. ತಿರುಗಿಸದೆ ಕೆತ್ತಿದರೆ ಹೆಸರು ಉಲ್ಟಾ ಬರುತ್ತದೆ. ಲಿನೋ ಗಟ್ಟಿ ಅನಿಸಿದರೆ ಐದು ನಿಮಿಷ ಬಿಸಿಲಿಗಿಡು, ಬೆಣ್ಣೆ ಹಾಗೆ ಬರುತ್ತದೆ. ಇನ್ನೊಂದು ಕೈ ಯಾವಾಗಲೂ ಉಳಿಯ ಹಿಂದೆ ಇರಲಿ, ಮುಂದೆ ಬೇಡ.

ಪ್ರೆಸ್ ಇಲ್ಲ ಅಂದೆ. ಲಿನೋಗೆ ಪ್ರೆಸ್ ಬೇಕೇ ಬೇಕು ಅಂತ ಏನಿಲ್ಲ. ಗಾಜಿನ ಮೇಲೆ ಶಾಯಿ ಹಾಕಿ ರೋಲರ್ ಎಳೆ. ಶಾಯಿ ದಪ್ಪ ಇದ್ದಾಗ ಪಚಪಚ ಅನ್ನುತ್ತದೆ. ಹದಕ್ಕೆ ಬಂದಾಗ ಬಿಸಿ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಸಣ್ಣ ಚರಚರ ಸದ್ದು ಬರುತ್ತದೆ, ಆಗ ಲಿನೋಗೆ ಹಚ್ಚು. ಮೇಲೆ ತೆಳು ಕಾಗದ ಇಟ್ಟು ಅಡುಗೆಮನೆಯ ಚಿಪ್ಪಿನ ಸೌಟಿನ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜುತ್ತಾ ಹೋಗು. ಒಂದು ಮೂಲೆ ಎತ್ತಿ ನೋಡು, ಸಾಲದಿದ್ದರೆ ಮತ್ತೆ ಉಜ್ಜು. ಸೌಟನ್ನು ಅಮ್ಮನ ಹತ್ತಿರ ಕೇಳಿ ತೆಗೆದುಕೋ, ಮತ್ತೆ ಅಡುಗೆಗೆ ವಾಪಸ್ ಕೊಡಬೇಡ.

ಮೊದಲ ಪ್ರಿಂಟ್ ತೆಗೆದ ಕೂಡಲೇ ನಿನ್ನ ಎಡಿಟ್‌ನ ತಪ್ಪೆಲ್ಲ ಕಾಣುತ್ತದೆ. ಎಲ್ಲಿ ಕಪ್ಪು ಜಾಸ್ತಿ ಆಯಿತು, ಎಲ್ಲಿ ಸಣ್ಣ ಗೆರೆ ಶಾಯಿಯಲ್ಲಿ ಮುಚ್ಚಿಹೋಯಿತು. ಆಗ ವಾಪಸ್ ಕಂಪ್ಯೂಟರಿಗೆ ಹೋಗು, ಅದೇ ಫೋಟೊವನ್ನು ಮತ್ತೆ ಎಡಿಟ್ ಮಾಡು. ಈ ಓಡಾಟ ಮೂರು ನಾಲ್ಕು ಸಲ ಆದ ಮೇಲೆ ಹಿಸ್ಟೋಗ್ರಾಮ್ (ಫೋಟೊದಲ್ಲಿ ಕಪ್ಪೆಷ್ಟು, ಬಿಳಿಯೆಷ್ಟು ಅಂತ ತೋರಿಸುವ ನಕ್ಷೆ) ನೋಡುವ ನಿನ್ನ ಕಣ್ಣೇ ಬೇರೆ ಆಗುತ್ತದೆ.

ಮಳೆಗಾಲದ ತೊಂದರೆ ನಿಜ. ಎಣ್ಣೆ ಶಾಯಿ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ, ಥಂಡಿಯಲ್ಲಿ ಅದು ನಿಧಾನ. ಶಾಯಿ ತೆಳುವಾಗಿ ಹಚ್ಚು, ಬಟ್ಟೆ ಕ್ಲಿಪ್ ಹಾಕಿ ಹಗ್ಗಕ್ಕೆ ತೂಗು, ಫ್ಯಾನ್ ಹಾಕು, ಪೂರ್ತಿ ಒಣಗುವವರೆಗೆ ಒಂದರ ಮೇಲೊಂದು ಇಡಬೇಡ. ಎರಡು ಮೂರು ಬಣ್ಣದ ಕೆಲಸವನ್ನು ಜೂನ್ ಜುಲೈಯಲ್ಲಿ ಮಾಡಲೇಬೇಡ, ಕಾಗದ ಥಂಡಿಗೆ ಹಿಗ್ಗಿ ಒಂದು ಬಣ್ಣದ ಮೇಲೆ ಇನ್ನೊಂದು ಕೂರುವುದಿಲ್ಲ. ಆ ಎರಡು ತಿಂಗಳು ಕೆತ್ತುವುದಕ್ಕೆ ಇಟ್ಟುಕೋ. ಕಾಗದವನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಮೇಲೆ ಇಡು, ಇಲ್ಲದಿದ್ದರೆ ಬೂಷ್ಟು ಬರುತ್ತದೆ.

ಬಿಸಿಲು ಬಂದ ಮೇಲೆ ಇನ್ನೊಂದು ಕೆಲಸ ಇದೆ, ನಿನ್ನಂಥವಳಿಗೆ ಹೇಳಿ ಮಾಡಿಸಿದ್ದು. ಸಯನೋಟೈಪ್, ಅಂದರೆ ಬಿಸಿಲಿನಲ್ಲಿ ನೀಲಿ ಚಿತ್ರ ಅಚ್ಚು ತೆಗೆಯುವುದು. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದದ್ದು. ಮರುವರ್ಷವೇ ಆ್ಯನಾ ಅಟ್ಕಿನ್ಸ್ ಅನ್ನುವ ಹೆಂಗಸು ಕಡಲ ಪಾಚಿಗಳನ್ನು ಕಾಗದದ ಮೇಲಿಟ್ಟು ಬಿಸಿಲಿನಲ್ಲೇ ಅಚ್ಚು ತೆಗೆದು ಪುಸ್ತಕ ಮಾಡಲು ಶುರು ಮಾಡಿದಳು. ಕಾರವಾರದ ಬಂಡೆಗಳ ಮೇಲೆ ಪಾಚಿಗೇನು ಬರ? ಎರಡು ಕಬ್ಬಿಣದ ಲವಣ ಬೆರೆಸಿ ಕಾಗದಕ್ಕೆ ಬಳಿದು ಕತ್ತಲೆಯಲ್ಲಿ ಒಣಗಿಸಬೇಕು. ಫೋಟೊ ಆದರೆ ಅದನ್ನು ಇನ್ವರ್ಟ್ ಮಾಡಿ, ಅಂದರೆ ಕಪ್ಪು ಬಿಳಿ ಅದಲುಬದಲು ಮಾಡಿ, ಪಾರದರ್ಶಕ ಹಾಳೆಯಲ್ಲಿ ಪ್ರಿಂಟ್ ತೆಗೆದು, ಕಾಗದದ ಮೇಲಿಟ್ಟು, ಗಾಜು ಮುಚ್ಚಿ ಬಿಸಿಲಿಗಿಟ್ಟು, ಆಮೇಲೆ ನೀರಿನಲ್ಲಿ ತೊಳೆಯುವುದು. ನೀಲಿ ಬಣ್ಣದ ಚಿತ್ರ ಏಳುತ್ತದೆ. ಕಾಂಟ್ರಾಸ್ಟ್ ಎಷ್ಟು ಇರಬೇಕು ಅನ್ನುವುದನ್ನು ಬಿಸಿಲೇ ಕಲಿಸುತ್ತದೆ. ಕೈಗವಸು ಹಾಕಿಕೋ. ಎಚಿಂಗ್‌ನ ಆಸಿಡ್ ಮಾತ್ರ ಮನೆಗೆ ತರಬೇಡ, ಅದು ಕಾಲೇಜಿನಲ್ಲಿ, ಮೇಷ್ಟ್ರು ಪಕ್ಕದಲ್ಲಿದ್ದಾಗ ಮಾತ್ರ.

ದುಡಿಮೆ ವಿಷಯ. ಮದುವೆ ಆಲ್ಬಂ ಕೆಲಸ ಕೀಳಲ್ಲ, ಸಿಕ್ಕರೆ ಮಾಡು. ಸೀರೆಯ ಕೆಂಪು, ಮೈಬಣ್ಣ ಎರಡನ್ನೂ ಒಂದೇ ಫೋಟೊದಲ್ಲಿ ಸರಿ ಇಡುವುದು ಸುಲಭದ ಕೆಲಸ ಅಲ್ಲ. ಆದರೆ ಅದಕ್ಕಾಗಿ ಗ್ರಾಫಿಕ್ಸ್ ಬಿಡಬೇಡ. ಎಡಿಟಿಂಗ್ ಅನ್ನು ಮನೆಯಲ್ಲಿ ಕೂತೂ ಕಲಿಯಬಹುದು. ಲಿಥೋ ಕಲ್ಲು, ಎಚಿಂಗ್ ಪ್ರೆಸ್, ಅದನ್ನು ನಡೆಸಲು ಬರುವ ಮೇಷ್ಟ್ರು, ಈ ಮೂರೂ ಒಟ್ಟಿಗೆ ಸಿಗುವುದು ಕಾಲೇಜಿನ ಈ ಕೆಲವು ವರ್ಷ ಮಾತ್ರ.

ಫೋಟೊದ ಮೂಲ ಫೈಲ್ ಅನ್ನು ಇ-ಮೇಲ್ ಮಾಡು, ಎಡಿಟ್ ಮಾಡದೆ. ಲಿನೋ ಪ್ರಿಂಟ್ ಆದಾಗ ಸುತ್ತ ಒಂದು ಇಂಚು ಬಿಳಿ ಅಂಚು ಬಿಡು. ಎಡಗಡೆ ಕೆಳಗೆ ಪೆನ್ಸಿಲಿನಲ್ಲಿ ಎಷ್ಟರಲ್ಲಿ ಎಷ್ಟನೆಯದು ಅಂತ ನಂಬರ್, ಬಲಗಡೆ ಸಹಿ. ಹತ್ತು ಪ್ರತಿ ತೆಗೆದರೆ ಮೊದಲನೆಯದನ್ನು ಮಾಜಾಳಿಗೆ ಹೋಗಿ ಆ ಅಜ್ಜನಿಗೆ ಕೊಡು, ಪತ್ರಿಕೆಯಲ್ಲಿ ಹಾಕಬಹುದಾ ಅಂತಲೂ ಆಗಲೇ ಕೇಳು. ಅವರು ಹೂಂ ಅಂದರೆ ಎರಡನೆಯದನ್ನು ನಮಗೆ ಅಂಚೆಯಲ್ಲಿ ಕಳಿಸು. ಸುರುಳಿ ಸುತ್ತಬೇಡ, ಎರಡು ರಟ್ಟಿನ ನಡುವೆ ಇಟ್ಟು ಕಟ್ಟು.

– ಸಂಪಾದಕ