ಸಾರಿಗೆ ಬೆರೆಸಿ ಮಾತ್ರೆ ಕೊಟ್ಟು ಕುಡಿತ ಬಿಡಿಸಬಹುದಾ?

ಪ್ರಶ್ನೆ: ನಮ್ಮ ಯಜಮಾನರಿಗೆ 44 ವರ್ಷ, ಗಾರೆ ಕೆಲಸ. ಬಹಳ ವರ್ಷದಿಂದ ದಿನಾ ಕುಡೀತಾರೆ. ಈಗೀಗ ಬೆಳಗ್ಗೆ ಎದ್ದ ಕೂಡಲೇ ಕೈ ನಡುಗುತ್ತೆ. ಒಂದು ಪ್ಯಾಕೆಟ್ ಕುಡಿದ ಮೇಲೇ ಕರಣೆ ಹಿಡಿಯೋಕೆ ಆಗೋದು. ಪರಿಚಯದವರೊಬ್ಬರು ಮಾತ್ರೆ ತಂದುಕೊಟ್ಟು, 'ಪುಡಿ ಮಾಡಿ ಸಾರಿಗೆ ಬೆರೆಸು, ಗೊತ್ತಾಗಲ್ಲ' ಅಂದಿದ್ದಾರೆ. ನಮ್ಮತ್ತೆ, 'ಒಂದು ವಾರ ಮನೇಲಿ ಕೂಡಿಹಾಕು, ತಾನಾಗೇ ಬಿಡ್ತಾನೆ' ಅಂತಾರೆ. ಯಾವುದು ಸರಿ?
— ಓದುಗರು, ಹಾಸನ ಜಿಲ್ಲೆ

ಮನೋವೈದ್ಯರ ಉತ್ತರ: ಎರಡೂ ಬೇಡ. ಆ ಮಾತ್ರೆಯನ್ನು ದಯವಿಟ್ಟು ಸಾರಿಗೆ ಹಾಕಬೇಡಿ.

ಹೀಗೆ ಕದ್ದು ಕೊಡುವುದು ಸಾಮಾನ್ಯವಾಗಿ ಡೈಸಲ್ಫಿರಾಮ್ ಮಾತ್ರೆ. ಕುಡಿದ ಮದ್ಯ ಲಿವರ್‌ನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ, ಆಮೇಲೆ ಕರಗಿ ಹೋಗುತ್ತದೆ. ಆ ವಿಷ ಕರಗದಂತೆ ಈ ಮಾತ್ರೆ ತಡೆಯುತ್ತದೆ. ಮಾತ್ರೆ ಹೊಟ್ಟೆಗೆ ಹೋದವರು ಕುಡಿದರೆ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ಎದೆ ಡವಡವ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿದುಬಿಡಬಹುದು. ಪ್ರಾಣ ಹೋದದ್ದೂ ಉಂಟು. ನಿಮ್ಮವರು ಸಾರವೆ ಮೇಲೆ ನಿಂತು ಕೆಲಸ ಮಾಡುವವರು ಬೇರೆ.

ಗೊತ್ತಿದ್ದು ನುಂಗುವವರು 'ಇವತ್ತು ಮಾತ್ರೆ ತಗೊಂಡಿದೀನಿ, ಕುಡಿಯೋ ಹಾಗಿಲ್ಲ' ಅಂತ ತಮ್ಮನ್ನು ತಾವೇ ತಡೆದುಕೊಳ್ಳುತ್ತಾರೆ. ಮಾತ್ರೆಯ ಉಪಯೋಗ ಇರುವುದೇ ಅಲ್ಲಿ. ಗೊತ್ತೇ ಇಲ್ಲದವರಿಗೆ ಆ ಎಚ್ಚರ ಎಲ್ಲಿಂದ ಬರಬೇಕು? ಕೊಡುವುದನ್ನು ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಇದರ ಪರಿಣಾಮ ಇರಬಹುದು. ಈಗಾಗಲೇ ಬೆರೆಸಿದ್ದರೆ, ಜಗಳವಾದರೂ ಸರಿ, ಇವತ್ತೇ ಅವರಿಗೆ ಹೇಳಿ, ಡಾಕ್ಟರಿಗೂ ತಿಳಿಸಿ.

ಕೂಡಿಹಾಕುವುದೂ ಅಷ್ಟೇ ಅಪಾಯ. ಅತ್ತೆಯವರಿಗೆ ಇದನ್ನು ಬಿಡಿಸಿ ಹೇಳಿ. ವರ್ಷಗಟ್ಟಲೆ ಕುಡಿದವರ ಮಿದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನ ನಡುಕ, ಬೆವರು, ನಿದ್ದೆ ಇಲ್ಲ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಗೋಡೆ ಮೇಲೆ ಹುಳ ಹರಿದಾಡಿದ ಹಾಗೆ ಕಾಣುತ್ತದೆ. ಹಾಸಿಗೆ ಕಿತ್ತಾಡುತ್ತಾರೆ, ಹೆಂಡತಿ ಮಕ್ಕಳ ಗುರುತೂ ಹತ್ತುವುದಿಲ್ಲ. ಗಾಳಿ ಸೋಕಿದೆ ಅಂತ ಯಂತ್ರ ಕಟ್ಟಿಸಲು ಕರೆದೊಯ್ಯುವವರಿದ್ದಾರೆ. ಇದು ಡೆಲಿರಿಯಂ ಟ್ರೆಮೆನ್ಸ್. ಚಿಕಿತ್ಸೆ ತಡವಾದರೆ ಜೀವಕ್ಕೇ ಕುತ್ತು. ಬೆಳಗ್ಗೆಯೇ ಕೈ ನಡುಗುವ ನಿಮ್ಮವರಿಗೆ ಈ ಅಪಾಯ ಜಾಸ್ತಿ.

ರಾತ್ರಿ ಕುಡಿದು ಬಂದಾಗ ಮಾತು ತೆಗೆಯಬೇಡಿ. ಬೆಳಗ್ಗೆ 'ಕೈ ನಡುಕ ತೋರಿಸಿಕೊಂಡು ಬರೋಣ' ಅನ್ನಿ. ಅದು ಸುಳ್ಳೇನಲ್ಲ, ಅವರಿಗೂ ಆ ನಡುಕದ ಚಿಂತೆ ಇದ್ದೇ ಇರುತ್ತದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ದಿನಕ್ಕೆ ಎಷ್ಟು ಕುಡಿಯುತ್ತಾರೆ ಅನ್ನುವುದನ್ನು ಮುಚ್ಚಿಡದೆ ಹೇಳಿ. ನಡುಕ, ಫಿಟ್ಸ್ ತಡೆಯುವ ಮಾತ್ರೆಯನ್ನು ಕೆಲವು ದಿನ ಕೊಟ್ಟು ದಿನದಿನಕ್ಕೆ ಕಡಿಮೆ ಮಾಡುತ್ತಾರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಸುಸ್ತು ಅಂತ ಸುಮ್ನೆ ಗ್ಲೂಕೋಸ್ ಬಾಟಲಿ ಹಾಕಿಸಬೇಡಿ. ಬಿ1 ಕೊರತೆ ಇರುವಾಗ ಬರೀ ಗ್ಲೂಕೋಸ್ ಹೋದರೆ ಮಿದುಳಿಗೆ ಪೆಟ್ಟು ಬೀಳಬಹುದು. ಡೈಸಲ್ಫಿರಾಮ್ ಬೇಕೋ ಬೇಡವೋ ಅನ್ನುವುದು ಆಮೇಲಿನ ಮಾತು. ಲಿವರ್, ಹೃದಯ ಪರೀಕ್ಷೆಯಾಗಿ, ಅವರೂ ಒಪ್ಪಿದ ಮೇಲೆ.

ಮರ್ಯಾದೆಗೆ ಅಂಜಿ ತಡ ಮಾಡಬೇಡಿ. ಕೇಂದ್ರ ಸರ್ಕಾರದ 2019ರ ವರದಿ ಪ್ರಕಾರ, ಮದ್ಯದ ತೊಂದರೆಗೆ ನೆರವು ಬೇಕಾದವರು ದೇಶದಲ್ಲಿ ಸುಮಾರು 5.7 ಕೋಟಿ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿದೆ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆಸ್ಪತ್ರೆಗೆ ಹೋಗುವ ತನಕ ಬಾಟಲಿ ಬಚ್ಚಿಡುವುದು, ಒಮ್ಮೆಲೇ ನಿಲ್ಲಿಸುವುದು ಬೇಡ. ಫಿಟ್ಸ್ ಬಂದರೆ, ಮಾತು ತೊದಲಿ ಏನೇನೋ ಹೇಳಲು ಶುರು ಮಾಡಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಅವರು ಬರಲು ಒಪ್ಪದಿದ್ದರೆ ಮೊದಲು ನೀವೊಬ್ಬರೇ ಡಾಕ್ಟರನ್ನು ಕಂಡು ಮಾತಾಡಿ. ಅದೂ ಆಗದಿದ್ದರೆ ವ್ಯಸನ ಬಿಡಿಸುವ ಸಹಾಯವಾಣಿ 14446 ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಎರಡಕ್ಕೂ ದುಡ್ಡಿಲ್ಲ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.